ಮೊಳೆ: ಒಂದು ಶಬ್ದ, ಹಲವು ಕಸುಬು

(ಪುಣೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರೆಹರೂಪ)



ವಚನ, ದಾಸಸಾಹಿತ್ಯ, ಏಕೀಕರಣದ ಇತಿಹಾಸ, ಇಂಥ ವಿಷಯಗಳನ್ನು ದತ್ತಿ ಉಪನ್ಯಾಸಕ್ಕೆ ಆರಿಸಿಕೊಳ್ಳುವುದು ರೂಢಿ. ನಾನು ಎರಡಕ್ಷರದ ಒಂದು ಶಬ್ದವನ್ನು ಆರಿಸಿಕೊಂಡಿದ್ದೇನೆ. ಮೊಳೆ. ಕ್ಯಾಲೆಂಡರ್ ತೂಗಹಾಕಲು ಗೋಡೆಗೆ ಹೊಡೆಯುತ್ತೇವಲ್ಲ, ಅದೇ ಮೊಳೆ. ನಮ್ಮ ಧಾರವಾಡ, ಬೆಳಗಾವಿ ಕಡೆಯ ಬಾಯಲ್ಲಿ ಮೊಳಿ. ಇದನ್ನು ಪುಣೆಯಲ್ಲಿ ಹೇಳುವುದಕ್ಕೆ ಕಾರಣವಿದೆ. ಈ ಶಬ್ದದ ಒಂದು ದೊಡ್ಡ ಅರ್ಥ ನಮ್ಮ ಕಣ್ಣೆದುರೇ ಕಣ್ಮರೆಯಾಯಿತು, ಅದರಲ್ಲಿ ಈ ಊರಿನ ಪಾತ್ರವೂ ಇದೆ. ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಸುತ್ತಾಡೋಣ.

ಇಂಗ್ಲಿಷಿನ ನೇಲ್ ಎಂದರೆ ಬೆರಳಿನ ಉಗುರೂ ಹೌದು, ಕಬ್ಬಿಣದ ಮೊಳೆಯೂ ಹೌದು. ಜರ್ಮನ್ ಭಾಷೆಯ ನಾಗೆಲ್ ಕೂಡ ಹಾಗೆಯೇ. ಸಂಸ್ಕೃತದ ನಖ, ಲ್ಯಾಟಿನ್ನಿನ ಉಂಗ್ವಿಸ್, ಗ್ರೀಕಿನ ಓನಿಕ್ಸ್ ಇವೆಲ್ಲ ಆ ಶಬ್ದದ ದೂರದ ನೆಂಟರು, ಆದರೆ ಇವು ಉಗುರಾಗಿಯೇ ಉಳಿದವು, ಕಬ್ಬಿಣದ ಕಡೆ ಹೊರಳಲಿಲ್ಲ. ಕನ್ನಡದಲ್ಲಿ ಉಗುರಿನ ಮನೆತನವೇ ಬೇರೆ. ತಮಿಳಿನ ಉಗಿರ್, ತೆಲುಗಿನ ಗೋರು, ನಮ್ಮ ಉಗುರು ಒಂದೇ ತಾಯಿಯ ಮಕ್ಕಳು. ಅದಕ್ಕೂ ಮೊಳೆಗೂ ಯಾವ ಸಂಬಂಧವೂ ಇಲ್ಲ.

ಉಗುರು ಕನ್ನಡದಲ್ಲಿ ಅಳತೆಯ ಶಬ್ದವಾಗಿ ಬೆಳೆಯಿತು. ಕೂಸಿಗೆ ಎರೆಯುವ ಮೊದಲು ಅಜ್ಜಿ ನೀರಿಗೆ ಬೆರಳ ತುದಿ ಅದ್ದಿ ನೋಡುತ್ತಾಳೆ. ಬೆರಳನ್ನು ಕೂಡಲೇ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನಿಸಬಾರದು, ತಣ್ಣಗಿದೆ ಎಂದೂ ಅನ್ನಿಸಬಾರದು. ಆ ಹದಕ್ಕೆ ಉಗುರುಬೆಚ್ಚಗೆ ಎನ್ನುತ್ತೇವೆ. ಮರಾಠಿಯವರು ಅದನ್ನೇ ಕೋಮಟ್ ಎನ್ನುತ್ತಾರೆ, ಒಳ್ಳೆಯ ಶಬ್ದ, ಆದರೆ ಅದರಲ್ಲಿ ಅಜ್ಜಿಯ ಬೆರಳು ಕಾಣುವುದಿಲ್ಲ. ದೊಡ್ಡವರ ಯೋಗ್ಯತೆಯನ್ನು ಅಳೆಯುವಾಗ ಅವರ ಕಾಲಿನ ಉಗುರಿಗೂ ಸಮವಲ್ಲ ಎನ್ನುತ್ತೇವೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎನ್ನುವಾಗಲೂ ಅಳತೆಯೇ ಮಾತಾಡುತ್ತಿದೆ. ಸಿಟ್ಟು ಮಾತ್ರ ನಖಶಿಖಾಂತ ಏರುತ್ತದೆ, ಅಲ್ಲಿ ಸಂಸ್ಕೃತದ ನಖವೇ ಬೇಕು. ನಖರಾ ಎಂಬುದನ್ನು ಈ ನಖಕ್ಕೆ ಗಂಟು ಹಾಕುವವರಿದ್ದಾರೆ. ಅದು ಪಾರಸಿಯಿಂದ ಬಂದದ್ದು, ಉಗುರಿಗೆ ಅದರ ಗೊಡವೆ ಇಲ್ಲ.

ಪುಣೆಯಲ್ಲಿ ನಿಂತು ಉಗುರಿನ ಮಾತಾಡಿದರೆ ವಾಘನಖ ಎಂಬ ಹುಲಿಯುಗುರಿನ ಆಕಾರದ ಆಯುಧ ನೆನಪಾಗದೆ ಇರದು. 1659ರ ನವೆಂಬರ್ 10ರಂದು ಪ್ರತಾಪಗಡದ ತಪ್ಪಲಿನಲ್ಲಿ ಶಿವಾಜಿ ಮಹಾರಾಜರು ವಿಜಾಪುರದ ಸರದಾರ ಅಫಝಲ್ ಖಾನನನ್ನು ಎದುರಿಸಿದ ಕಥೆ ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದ್ದ ಒಂದು ವಾಘನಖ 2024ರ ಜುಲೈನಲ್ಲಿ ಸಾತಾರಾಕ್ಕೆ ಬಂತು. ಅಂದು ಬಳಸಿದ್ದು ಇದೇ ಎಂದು ಖಚಿತಪಡಿಸಲಾಗದು ಎಂಬುದನ್ನು ಮ್ಯೂಸಿಯಮ್ಮೇ ಹೇಳಿದೆ. ನಮ್ಮ ಹಳ್ಳಿಗಳಲ್ಲಿ ಹುಲಿಯುಗುರು ಎಂದರೆ ಮಕ್ಕಳ ಕೊರಳಿಗೆ ಕಟ್ಟುವ ತಾಯತ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದನ್ನು ಇಟ್ಟುಕೊಳ್ಳುವುದೂ ಅಪರಾಧ.

ಇನ್ನು ಮೊಳೆ.

ಮೊಳೆ ಕ್ರಿಯಾಪದವೂ ಹೌದು. ಬೀಜ ಮೊಳೆಯುತ್ತದೆ, ಹಲ್ಲು ಮೊಳೆಯುತ್ತದೆ, ಮನಸ್ಸಿನಲ್ಲಿ ಆಸೆ ಮೊಳೆಯುತ್ತದೆ. ಮೊಳೆತದ್ದು ಮೊಳಕೆ. ಮಡಕಿ ಕಾಳನ್ನು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಬಿಳಿಯ ಚೂಪು ತುದಿ ಸಿಪ್ಪೆ ಒಡೆದು ಹೊರಗೆ ಬರುತ್ತದೆ. ಪುಣೆಯ ಮಿಸಳ್ ತಟ್ಟೆಯಲ್ಲಿ ದಿನವೂ ನೋಡುತ್ತೀರಿ. ಆ ತುದಿಯನ್ನು ಹತ್ತಿರದಿಂದ ನೋಡಿದವರಿಗೆ ಕಬ್ಬಿಣದ ಮೊಳೆಗೆ ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. ತಮಿಳಿನಲ್ಲೂ ಮುಳೈ ಎಂದರೆ ಮೊಳಕೆ, ದನ ಕಟ್ಟುವ ಗೂಟಕ್ಕೂ ಅದೇ ಶಬ್ದ. ತೆಲುಗಿನ ಮೊಲವೂ ಹಾಗೆಯೇ. ಅಂದರೆ ಕಬ್ಬಿಣ ಬರುವುದಕ್ಕೆ ಮುಂಚೆಯೇ ಈ ಶಬ್ದ ಹೊಲದಲ್ಲಿ ಇತ್ತು. ನೆಲ ಬಿರಿದು ಮೇಲೆ ಬಂದದ್ದು ಮೊಳೆ. ನೆಲಕ್ಕೆ ಬಡಿದ ಗೂಟದ ತಲೆಯೂ ನೆಲದ ಮೇಲೆ ಹಾಗೆಯೇ ಕಾಣುತ್ತದೆ. ಮೂಲವ್ಯಾಧಿಗೆ ಮೊಳೆರೋಗ ಎಂದು ಹೆಸರಿಟ್ಟವರು ಕಂಡದ್ದೂ ಇದೇ ಆಕಾರವನ್ನು.

ಒಂದೇ ಶಬ್ದದಲ್ಲಿ ಒಂದು ಜೀವ ಹೊರಗೆ ಬರುತ್ತದೆ, ಇನ್ನೊಂದು ವಸ್ತು ಒಳಗೆ ಇಳಿಯುತ್ತದೆ. ಈ ಎರಡೂ ಅರ್ಥ ಒಂದೆಡೆ ಕೂಡಿ ನೋವುಂಟುಮಾಡುವ ಜಾಗ ನಮ್ಮ ಬೀದಿಯ ಮರಗಳು. ಕ್ಲಾಸುಗಳ ಜಾಹೀರಾತು, ಬಾಡಿಗೆ ಮನೆಯ ಫಲಕ, ದೀಪದ ಸರ ಎಲ್ಲಕ್ಕೂ ಮರವೇ ಗೋಡೆ. ಮೊಳೆ ತೊಗಟೆಯನ್ನು ದಾಟಿ ಒಳಕ್ಕೆ ಹೋದರೆ ಆಹಾರ ಸಾಗಿಸುವ ಪದರ ಹರಿಯುತ್ತದೆ, ಗಾಯದಲ್ಲಿ ಬೂಷ್ಟು, ಹುಳ ಸೇರಿಕೊಳ್ಳುತ್ತವೆ. ಪುಣೆಯ ಯುವಕರು ಖಿಳೆಮುಕ್ತ ಝಾಡೆ, ಅಂದರೆ ಮೊಳೆಯಿಲ್ಲದ ಮರಗಳು, ಎಂಬ ಅಭಿಯಾನ ಕಟ್ಟಿ ಸುತ್ತಿಗೆ, ಇಕ್ಕಳ ಹಿಡಿದು ಮರಮರಕ್ಕೂ ಹೋಗಿ ಮೊಳೆ ಕಿತ್ತರು. ನನಗೆ ಅದು ಶಬ್ದಕ್ಕೂ ಮಾಡಿದ ಉಪಕಾರವಾಗಿ ಕಾಣುತ್ತದೆ.

ಮೊಳೆಗೆ ಕಾವಲಿನ ಕಸುಬೂ ಇದೆ. ಪೇಶ್ವೆಗಳ ಶನಿವಾರವಾಡೆಯ ದಿಲ್ಲಿ ದರವಾಜಾ ನೋಡದವರು ಇಲ್ಲಿ ಯಾರೂ ಇರಲಾರರು. 1732ರಲ್ಲಿ ವಾಡೆಯ ವಾಸ್ತುಶಾಂತಿ ಆಯಿತು. ಆ ಬಾಗಿಲಿನ ಒಂದೊಂದು ಕದಕ್ಕೆ 72 ಉಕ್ಕಿನ ಮೊಳೆಗಳು, ಒಂದೊಂದೂ ಸುಮಾರು ಒಂದಡಿ ಉದ್ದ, ಸರಿಯಾಗಿ ಆನೆಯ ಹಣೆಯ ಎತ್ತರದಲ್ಲಿ. ಆನೆ ತಲೆಯಿಂದ ಗುದ್ದಿ ಬಾಗಿಲು ಮುರಿಯಬಾರದು ಎಂಬ ಲೆಕ್ಕ. ಮರಕ್ಕೆ ಮರ ಕೂಡಿಸುವ ಮೊಳೆ ಇಲ್ಲಿ ತಲೆ ಹೊರಗೆ ಮಾಡಿ ಕಾವಲಿಗೆ ನಿಂತಿದೆ. ಇದಕ್ಕೆ ತೀರ ಎದುರು ನಿಲ್ಲುವ ವಸ್ತು ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ಸಿಗುವ ಕೊಲ್ಹಾಪುರಿ ಚಪ್ಪಲಿ. ಸಾಂಪ್ರದಾಯಿಕ ರೀತಿಯಲ್ಲಿ ಮಾಡಿದ್ದಾದರೆ ಅದರಲ್ಲಿ ಒಂದೂ ಮೊಳೆ ಇರುವುದಿಲ್ಲ, ಚರ್ಮದ ಎಳೆಯಿಂದಲೇ ಹೊಲಿಗೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ನಾಲ್ಕು ಜಿಲ್ಲೆ ಎರಡನ್ನೂ ಸೇರಿಸಿದರು. ಅಥಣಿ, ನಿಪ್ಪಾಣಿಯ ಕೈಗಳಿಗೂ ಅದರಲ್ಲಿ ಪಾಲಿದೆ ಎಂಬುದು ಸರ್ಕಾರದ ಕಾಗದದಲ್ಲಿ ದಾಖಲಾಯಿತು.

ಮೊಳೆಗೆ ಒಬ್ಬ ಹಳೆಯ ಜೊತೆಗಾರನಿದ್ದಾನೆ, ಆಣಿ. ಋಗ್ವೇದದಲ್ಲೇ ಆಣಿ ಇದೆ, ರಥದ ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ಹಿಡಿಯುವ ಬೆಣೆ. ನಮ್ಮ ಎತ್ತಿನ ಗಾಡಿಯಲ್ಲಿ ಅದು ಕಡಾಣಿ, ಕಡೆಯ ಆಣಿ. ಬರಿಗಾಲಲ್ಲಿ ನಡೆದ ರೈತನ ಅಂಗಾಲಲ್ಲಿ ಗಟ್ಟಿಯಾಗಿ ಒಳಗಿಳಿದು ಹೆಜ್ಜೆಹೆಜ್ಜೆಗೂ ಚುಚ್ಚುವ ಚರ್ಮದ ಗಂಟಿಗೂ ಆಣಿ ಎಂದೇ ಹೆಸರು. ಲ್ಯಾಟಿನ್ನಿನಲ್ಲಿ ಕ್ಲಾವುಸ್ ಎಂದರೆ ಮೊಳೆ, ವೈದ್ಯರು ಇಂದಿಗೂ ಅಂಗಾಲಿನ ಆಣಿಯನ್ನು ಆ ಹೆಸರಿನಿಂದಲೇ ಬರೆಯುತ್ತಾರೆ. ರೋಮಿನ ವೈದ್ಯನೂ ಧಾರವಾಡದ ರೈತನೂ ಒಬ್ಬರನ್ನೊಬ್ಬರು ಕೇಳಿ ಈ ಹೆಸರಿಟ್ಟವರಲ್ಲ. ನೋವು ಎರಡು ಕಡೆಯೂ ಒಂದೇ ರೀತಿ ಇತ್ತು. ಮರಾಠಿಯವರು ಅದನ್ನು ಕುರೂಪ್ ಎಂದು ಕರೆದರು, ಅವರ ಕಣ್ಣಿಗೆ ಬಿದ್ದದ್ದು ನೋವಲ್ಲ, ಅಂದಗೇಡು. ಇದೇ ಕ್ಲಾವುಸ್ ಫ್ರೆಂಚಿನಲ್ಲಿ ಕ್ಲೂ ಆಗಿ, ಅಲ್ಲಿಂದ ಇಂಗ್ಲಿಷಿಗೆ ಬಂದು ಲವಂಗದ ಹೆಸರಾಯಿತು. ಪಾರಸಿಯವರ ಮೇಖಕ್ ಎಂದರೆ ಸಣ್ಣ ಮೊಳೆ, ಅದೂ ಲವಂಗವೇ. ಚೀನಿಯರೂ ಲವಂಗವನ್ನು ಮೊಳೆಯಾಗಿಯೇ ಕಂಡರು. ಲವಂಗದ ಮೊಗ್ಗನ್ನು ಅಂಗೈಯಲ್ಲಿ ಇಟ್ಟು ನೋಡಿದರೆ ತಲೆಯೂ ಕಾಂಡವೂ ಎದ್ದು ಕಾಣುತ್ತವೆ.

ಪಾರಸಿಯ ಮೇಖ್ ಮರಾಠಿಗೂ ಬಂದಿದೆ. ಖರೀ ಮೇಖ್ ಇಥೇಚ್ ಆಹೇ ಎಂದು ಇಲ್ಲಿನ ಭಾಷಣಕಾರರು ಹೇಳುತ್ತಾರಲ್ಲ, ತೊಡಕು ಇರುವುದೇ ಇಲ್ಲಿ ಎಂಬರ್ಥದಲ್ಲಿ. ಮರಾಠಿಯ ಬಡಗಿಗೆ ಉದ್ದದ್ದು ಖಿಳಾ, ಸಣ್ಣದು ಚೂಕ್. ತಪ್ಪಿಗೂ ಚೂಕ್ ಎಂದೇ ಹೆಸರು. ಖಿಳಾ ಹುಟ್ಟಿದ್ದು ಸಂಸ್ಕೃತದ ಕೀಲದಿಂದ. ಆ ಕೀಲ ಕನ್ನಡದಲ್ಲಿ ಕೀಲು ಆಯಿತು. ಮೂಳೆಗೆ ಮೂಳೆ ಕೂಡುವ ಜಾಗ ಕೀಲು, ಬೊಂಬೆಯ ಕೈಕಾಲು ಆಡಿಸುವುದು ಕೀಲು, ಒಂದು ವ್ಯವಹಾರದ ಒಳಗುಟ್ಟೂ ಕೀಲು. ಅರವತ್ತು ಸಂವತ್ಸರಗಳಲ್ಲಿ ಒಂದು ಕೀಲಕ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ, ಅದನ್ನು ತೆರೆಯುವುದು ಕೀಲಿಕೈ. ಮರಾಠಿಯ ಕಿಲ್ಲಿ ಎಂದರೆ ತೆರೆಯುವ ಕೈ, ಬೀಗ ಅವರಿಗೆ ಕುಲೂಪ್. ಬೆಳಗಾವಿಯಿಂದ ಪುಣೆಗೆ ಹೊಸದಾಗಿ ಬಂದ ಸೊಸೆ ಕೀಲಿ ಕೇಳಿದಾಗ ಪಕ್ಕದ ಮನೆಯ ಆಜಿ ಏನು ಕೊಡುತ್ತಾರೆ ಎಂಬುದು ಈ ಇಬ್ಬದಿಯ ಶಬ್ದದ ಮೇಲೆ ನಿಂತಿದೆ.

ಜೇಡರ ದಾಸಿಮಯ್ಯನವರು ಒಂದು ವಚನದಲ್ಲಿ ದರ್ಪ ಏರಿದ ಒಡಲನ್ನು ಬಂಡಿಗೆ ಹೋಲಿಸಿ, ಶರಣರ ಮಾತನ್ನು ಅದರ ಕಡೆಗೀಲು, ಅಂದರೆ ಕಡಾಣಿ, ಎಂದು ಕರೆದಿದ್ದಾರೆ. ನೇಕಾರ ದಾಸಿಮಯ್ಯನವರಿಗೆ ಬಂಡಿಯ ಕಸುಬಿನ ಶಬ್ದವೂ ಕೈವಶವಾಗಿತ್ತು. ದಾಸಿಮಯ್ಯನವರನ್ನು ಇಂಗ್ಲಿಷ್ ಓದುಗರ ಬಳಿಗೆ ಒಯ್ದ ಎ. ಕೆ. ರಾಮಾನುಜನ್ ಭಾಷಾವಿಜ್ಞಾನ ಕಲಿತದ್ದು ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ, 1958ರಲ್ಲಿ. ಅದೇ ವರ್ಷ ವಿಲಿಯಂ ಬ್ರೈಟ್ ಅವರು ಆಡುಗನ್ನಡದ ಬಗ್ಗೆ ಬರೆದ ಪುಸ್ತಕವನ್ನೂ ಡೆಕ್ಕನ್ ಕಾಲೇಜು ಪ್ರಕಟಿಸಿತು. ಗುಲ್ಬರ್ಗಾ, ನಂಜನಗೂಡು, ಬಾರ್ಕೂರುಗಳ ಕನ್ನಡವನ್ನು ಕುರಿತ ಅಧ್ಯಯನಗಳು, ಡಿ. ಎನ್. ಶಂಕರ ಭಟ್ಟರು ಹವ್ಯಕ ಕನ್ನಡಕ್ಕೆ ಬರೆದ ವ್ಯಾಕರಣ, ಎಲ್ಲ ಯೆರವಡೆಯ ಆ ಆವರಣದಿಂದಲೇ ಹೊರಬಂದವು. ಕನ್ನಡದ ಬಾಯಿಮಾತು ಹೇಗಿದೆ ಎಂದು ಗಮನವಿಟ್ಟು ಕೇಳಿಸಿಕೊಂಡ ಊರು ಇದು. ಪುಣೆಯ ಕನ್ನಡಿಗರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಡೆಕ್ಕನ್ ಕಾಲೇಜಿನಲ್ಲಿಯೇ 1948ರಲ್ಲಿ ಎಸ್. ಎಂ. ಕತ್ರೆಯವರು ಸಂಸ್ಕೃತದ ಮಹಾನಿಘಂಟಿನ ಕೆಲಸ ಶುರು ಮಾಡಿದರು. ಸುಮಾರು 1,500 ಗ್ರಂಥಗಳನ್ನು ಓದಿ, ಒಂದೊಂದು ಪ್ರಯೋಗಕ್ಕೆ ಒಂದೊಂದು ಚೀಟಿ ಬರೆದು, ಕೋಟಿಯ ಹತ್ತಿರ ಚೀಟಿಗಳನ್ನು ಕಪಾಟುಗಳಲ್ಲಿ ಜೋಡಿಸಿಟ್ಟಿದ್ದಾರೆ. ಯಾವ ಶಬ್ದ ಮೊದಲು ಎಲ್ಲಿ ಬಂತು, ಆಮೇಲೆ ಯಾವ ಅರ್ಥಕ್ಕೆ ಹೊರಳಿತು ಎಂಬುದನ್ನು ಕಾಲದ ಕ್ರಮದಲ್ಲಿ ತೋರಿಸುವ ನಿಘಂಟು ಅದು. ಅಪಾರ ಶ್ರದ್ಧೆಯ ಕೆಲಸ. ಆದರೂ ಚೀಟಿಗೆ ಬರುವುದು ಗ್ರಂಥದಲ್ಲಿ ಬರೆದಿಟ್ಟ ಶಬ್ದ ಮಾತ್ರ. ಮೊಳೆಯಂಥ ಶಬ್ದಕ್ಕೆ ಅರ್ಥ ಕೊಟ್ಟವರು ಬಡಗಿ, ಕಮ್ಮಾರ, ಎತ್ತಿಗೆ ಲಾಳ ಕಟ್ಟುವವನು, ಒಕ್ಕಲಿಗ. ಅವರು ಗ್ರಂಥ ಬರೆಯಲಿಲ್ಲ. ಅವರ ಕೆಲಸ ನಿಂತ ದಿನ ಅವರು ಕೊಟ್ಟ ಅರ್ಥವೂ ನಿಲ್ಲುತ್ತದೆ. ಈ ಸಂಜೆ ನಾನು ಹೇಳಬೇಕೆಂದು ಬಂದ ಮಾತು ಇದೇ. ಇದಕ್ಕೆ ನಾನು ಕೊಡುವ ಸಾಕ್ಷಿ ಅಚ್ಚುಮೊಳೆ.

ಅಚ್ಚುಕೂಟದಲ್ಲಿ ಒಂದೊಂದು ಅಕ್ಷರಕ್ಕೂ ಸೀಸದ ಒಂದು ಕಡ್ಡಿ. ಉದ್ದ ಒಂದಿಂಚಿಗಿಂತ ಕೊಂಚ ಕಡಿಮೆ, ತಲೆಯ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಅಕ್ಷರ, ಕಾಂಡದ ಒಂದು ಬದಿಗೆ ಸಣ್ಣ ಕಚ್ಚು. ಬರೀ ಸೀಸವಾದರೆ ಮೆತ್ತಗಾಗುತ್ತದೆಂದು ತವರವನ್ನೂ ಆಂಟಿಮನಿಯನ್ನೂ ಬೆರೆಸುತ್ತಿದ್ದರು. ಜೋಡಿಸುವವನ ಕಣ್ಣು ಹಸ್ತಪ್ರತಿಯ ಮೇಲೆ. ಬಲಗೈ ತಾನಾಗಿಯೇ ಅಕ್ಷರದ ಪೆಟ್ಟಿಗೆಯ ಮನೆಗಳಿಂದ ಕಡ್ಡಿ ಹೆಕ್ಕುತ್ತದೆ. ಕಡ್ಡಿಗಳನ್ನು ಸಾಲಾಗಿ ಕೂರಿಸುವ ಎಡಗೈಯ ಸ್ಟಿಕ್ಕಿನಲ್ಲಿ ಹೆಬ್ಬೆರಳು ಕಚ್ಚನ್ನು ಸವರಿ ಅಕ್ಷರ ನೆಟ್ಟಗೆ ನಿಂತಿದೆಯೇ ಎಂದು ನೋಡಿಕೊಳ್ಳುತ್ತದೆ. ಈ ಕಡ್ಡಿಗೆ ಕನ್ನಡದವರು ಕೊಟ್ಟ ಹೆಸರು ಮೊಳೆ. ಮರಾಠಿಯವರು ಕೊಟ್ಟ ಹೆಸರು ಖಿಳಾ. ಶಬ್ದದ ಬೇರು ಒಂದು ದ್ರಾವಿಡದ್ದು, ಇನ್ನೊಂದು ಸಂಸ್ಕೃತದ್ದು. ಆದರೂ ಎರಡು ಭಾಷೆಯ ಕೆಲಸಗಾರರ ಕಣ್ಣಿಗೆ ಕಂಡದ್ದು ತಲೆಯುಳ್ಳ ಅದೇ ಕಡ್ಡಿ. ಮೊಳೆ ಜೋಡಿಸುವುದು ನಮ್ಮಲ್ಲಿ, ಖಿಳೆ ಜುಳವಣೆ ಅವರಲ್ಲಿ. ಜೋಡಿಸುವವನು ಜುಳಾರಿ. ಇಂಗ್ಲಿಷಿನ ಟೈಪ್ ಎಂಬುದನ್ನು ಹಾಗೆಯೇ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ಯಾವ ಪರಿಭಾಷಾ ಸಮಿತಿಯೂ ಕೂಡಿ ನಿರ್ಧರಿಸಿದ್ದಲ್ಲ ಇದು, ಕೈಗೆ ಮಸಿ ಹತ್ತಿಸಿಕೊಂಡವರು ಕೊಟ್ಟ ಹೆಸರು.

ಕನ್ನಡಕ್ಕೆ ಮೊಳೆ ಒದಗಿಸುವುದು ಸುಲಭವಿರಲಿಲ್ಲ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು ಬಂಗಾಳದ ಶ್ರೀರಾಮಪುರದಲ್ಲಿ. 1843ರ ಜುಲೈ 1ರಂದು ಹೊರಬಂದ ಮಂಗಳೂರ ಸಮಾಚಾರ ಕಲ್ಲಚ್ಚಿನ ಪತ್ರಿಕೆ, ಅದರಲ್ಲಿ ಮೊಳೆಯೇ ಇರಲಿಲ್ಲ. ಅಕ್ಷರಕ್ಕೆ ಗುಣಿತ, ಗುಣಿತಕ್ಕೆ ಒತ್ತು, ಒತ್ತು ಕೂರುವುದು ಸಾಲಿನ ಕೆಳಗೆ. ಹೀಗಾಗಿ ಕನ್ನಡದ ಮೊಳೆಮನೆಗಳು ನೂರಾರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ನಿಘಂಟನ್ನು ಈ ದೃಷ್ಟಿಯಿಂದ ತೆರೆದು ನೋಡಿ. ಅಷ್ಟು ದಪ್ಪ ಪುಸ್ತಕದಲ್ಲಿ ಕನ್ನಡ, ರೋಮನ್, ಚುಕ್ಕೆಗೆರೆಗಳ ಉಚ್ಚಾರ ಚಿಹ್ನೆ, ಎಲ್ಲವನ್ನೂ ಸಾಲುಸಾಲಾಗಿ ಕೂರಿಸಿದವರ ಹೆಸರು ಮುಖಪುಟದಲ್ಲಿಲ್ಲ. ಮೊಳೆ ಎಂಬ ಶಬ್ದದ ಅರ್ಥಗಳೂ ಅಲ್ಲಿ ಮೊಳೆಗಳಿಂದಲೇ ಅಚ್ಚಾಗಿವೆ.

ಪುಣೆಯದೂ ಅದೇ ತಾಪತ್ರಯ. ಮರಾಠಿ ಲೇಖಕ ಚಿಪಳೂಣಕರರು 1878ರಲ್ಲಿ ಚಿತ್ರಶಾಳಾ ಮುದ್ರಣಾಲಯ ಕಟ್ಟಿದರು, 1881ರ ಜನವರಿಯಲ್ಲಿ ಕೇಸರಿ ಪತ್ರಿಕೆ ಹೊರಬಂತು. ಜೋಡಾಕ್ಷರಗಳಿಂದಾಗಿ ದೇವನಾಗರಿಗೂ ಮೊಳೆಗಳ ದಂಡೇ ಬೇಕು. ಅವುಗಳ ಸಂಖ್ಯೆ ಇಳಿಸುವ ಬಗ್ಗೆ ಲೋಕಮಾನ್ಯ ತಿಲಕರು ಸ್ವತಃ ತಲೆ ಕೆಡಿಸಿಕೊಂಡರು. ರಾಜಕಾರಣದ ಅಷ್ಟೆಲ್ಲ ಹೊರೆ ಹೊತ್ತವರು ಸೀಸದ ಕಡ್ಡಿಗಳ ಲೆಕ್ಕಕ್ಕೆ ಕೂತರಲ್ಲ, ಆ ಚಿತ್ರ ನನಗೆ ತುಂಬ ಪ್ರಿಯ. ಪತ್ರಿಕೆ ಹೊತ್ತಿಗೆ ಸರಿಯಾಗಿ ಜನರ ಕೈ ಸೇರಬೇಕಾದರೆ ಜುಳಾರಿಯ ಕೈ ಎಷ್ಟು ಸಲ ಮನೆಯಿಂದ ಮನೆಗೆ ಹೋಗಬೇಕು ಎಂಬುದು ಅವರಿಗೆ ಗೊತ್ತಿತ್ತು.

1980, 90ರ ದಶಕಗಳಲ್ಲಿ ಸೀಸದ ಮೊಳೆ ಹೋಯಿತು. ಕಂಪ್ಯೂಟರ್ ಬಂತು. ಇದೇ ಪುಣೆಯಲ್ಲಿ 1988ರಲ್ಲಿ ಸಿ-ಡ್ಯಾಕ್ ಸ್ಥಾಪನೆಯಾಗಿ, ಅದರ ಜಿಸ್ಟ್ ತಂತ್ರಜ್ಞಾನದಿಂದ ಭಾರತದ ಲಿಪಿಗಳೆಲ್ಲ ಪರದೆಯ ಮೇಲೆ ಮೂಡಿದವು. ಇದೇ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ತಂದ ಶ್ರೀಲಿಪಿಯನ್ನು ಕರ್ನಾಟಕದ ಊರೂರಿನ ಡಿಟಿಪಿ ಅಂಗಡಿಗಳು ಬಳಸಿದವು. ಲಗ್ನಪತ್ರಿಕೆ, ಕರಪತ್ರ, ಕಥಾಸಂಕಲನ, ಎಷ್ಟೋ ಪುಸ್ತಕಗಳ ಕನ್ನಡ ಅಕ್ಷರ ಪುಣೆಯಲ್ಲಿ ರೂಪುಗೊಂಡದ್ದು. ಕನ್ನಡದ ಅಚ್ಚುಮೊಳೆಯನ್ನು ಕಪಾಟು ಸೇರಿಸಿದ್ದು ಈ ಊರಿನ ತಂತ್ರಾಂಶ ಎಂದರೆ ಅದು ದೂರಲ್ಲ. ಅದರಿಂದ ಕನ್ನಡಕ್ಕೆ ಆದ ಲಾಭ ದೊಡ್ಡದು. ಆದರೆ ಸೀಸವನ್ನು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕಿದಾಗ ಜೊತೆಗೆ ಒಂದು ಇಡೀ ಶಬ್ದಕೋಶವೂ ಹೋಯಿತು. ಇವತ್ತು ಕಾಲೇಜು ಹುಡುಗಿಯೊಬ್ಬಳಿಗೆ ಮೊಳೆ ಸವೆದಿದೆ ಎಂದರೆ ಅದು ಪುಸ್ತಕದ ಮಾತೆಂದು ಹೊಳೆಯದು. ಉಳಿದದ್ದು ಕೃತಿಯ ಎರಡನೆಯ ಪುಟದ ಒಂದು ಸಾಲು. ಕನ್ನಡ ಪುಸ್ತಕದಲ್ಲಿ ಅಕ್ಷರ ಜೋಡಣೆ, ಮರಾಠಿ ಪುಸ್ತಕದಲ್ಲಿ ಅಕ್ಷರಜುಳಣಿ. ಜೋಡಿಸುವ ವಸ್ತು ಇಲ್ಲದಿದ್ದರೂ ಜೋಡಿಸಿದವರ ಹೆಸರು ಅಲ್ಲಿ ಬರುತ್ತದೆ, ಅದು ಒಳ್ಳೆಯದೇ.

ಇನ್ನೊಂದು ಸಂಗತಿ ಮರೆಯಬಾರದು. ಮೊಳೆ ಹೋದ ಮನೆಗೆ ಅದರ ದಾಯಾದಿ ಬಂದಿದ್ದಾನೆ. ಕಂಪ್ಯೂಟರಿನಲ್ಲಿ ಅಕ್ಷರ ಒತ್ತುವ ಹಲಗೆಗೆ ಕನ್ನಡದಲ್ಲಿ ಕೀಲಿಮಣೆ ಎನ್ನುತ್ತೇವೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆಯೇ ಇಂದು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಕೀಲಿಯ ಒಳಗೆ ಕೀಲ ಇದೆ, ಖಿಳಾ ಹುಟ್ಟಿದ ಅದೇ ಕೀಲ. ಮೂರು ತಲೆಮಾರು ಮೊಳೆ ಹಿಡಿದ ಬೆರಳುಗಳ ಮುಂದಿನ ತಲೆಮಾರು ಈಗ ಕೀಲಿ ಒತ್ತುತ್ತಿದೆ.

ಕಸುಬಿನವರ ಶಬ್ದಗಳನ್ನು ಕಾಪಾಡುವ ದಾರಿಯೂ ಇದೆ. ಭದ್ರಿರಾಜು ಕೃಷ್ಣಮೂರ್ತಿಯವರು ತೆಲುಗಿನಲ್ಲಿ ಬೇಸಾಯದ ಶಬ್ದಗಳನ್ನು ಊರೂರು ಸುತ್ತಿ ಕಲೆಹಾಕಿ 1962ರಲ್ಲಿ ಮಾಂಡಲಿಕ ವೃತ್ತಿ ಪದಕೋಶದ ಮೊದಲ ಸಂಪುಟ ತಂದರು. ಎರಡು ಭಾಷೆಗಳ ನಡುವೆ ದಿನವೂ ಓಡಾಡುವ ಪುಣೆಯ ಕನ್ನಡಿಗರಿಗೆ ಇಂಥ ಕೆಲಸಕ್ಕೆ ಬೇರೆ ಯಾರಿಗೂ ಇಲ್ಲದ ಅನುಕೂಲವಿದೆ. ಮೊಳೆ ಜೋಡಿಸಿದವರು, ಜುಳಾರಿಗಳು ಈಗ ಎಪ್ಪತ್ತು ಎಂಬತ್ತು ದಾಟಿದವರು. ಇಲ್ಲಿಯ ಪೇಠೆಗಳಲ್ಲೂ ಬೆಳಗಾವಿ, ಸೊಲ್ಲಾಪುರ, ಸಾಂಗಲಿಗಳಲ್ಲೂ ಇದ್ದಾರೆ. ಈ ದತ್ತಿಯ ಹೆಸರಿನಲ್ಲಿ ಒಂದು ಚೀಟಿ ಸಂಗ್ರಹ ಶುರುವಾಗಲಿ ಎಂದು ದತ್ತಿದಾರರಲ್ಲಿಯೂ ಅಧ್ಯಕ್ಷರಲ್ಲಿಯೂ ಕೇಳಿಕೊಳ್ಳುತ್ತೇನೆ. ಚೀಟಿಯಲ್ಲಿ ಶಬ್ದ ಇರಲಿ, ಅದು ಯಾವ ಊರಿನದು, ಯಾವ ಕಸುಬಿನದು ಎಂಬುದಿರಲಿ, ಅದೇ ವಸ್ತುವಿಗೆ ಮರಾಠಿಯಲ್ಲಿ ಏನೆನ್ನುತ್ತಾರೆ ಎಂಬುದಿರಲಿ, ಹೇಳಿದವರ ಬಾಯಿಂದ ಬಂದ ಒಂದು ಇಡೀ ವಾಕ್ಯ ಇರಲಿ. ವಾಕ್ಯವನ್ನು ತಿದ್ದಬೇಡಿ. ಮೊಳಿ ಎಂದು ಹೇಳಿದರೆ ಮೊಳಿ ಎಂದೇ ಬರೆಯಿರಿ. ಮೊದಲ ಚೀಟಿಯನ್ನು ನಾನು ಬರೆದು ತಂದಿದ್ದೇನೆ, ಓದಿ ಮುಗಿಸುತ್ತೇನೆ.

ಶಬ್ದ: ಮೊಳಿ. ಊರು: ಬೆಳಗಾವಿ. ಕಸುಬು: ಅಚ್ಚುಕೂಟ. ಮರಾಠಿಯಲ್ಲಿ: ಖಿಳಾ. ವಾಕ್ಯ: "ಒತ್ತಿನ ಮೊಳಿ ಸವದಾವ್ರೀ, ಮುಂಜಾನಿ ಹೊಸಾವು ಬರೂ ತನಕ ಈ ಪುಟ ಹಂಗ ಇರ್ಲಿ."